ಗೆಳೆಯರೊಡನೆ ಮೊದಲ ಬೆಟ್ಟ

ಭಾದ್ರಪದದ ಮಳೆ ಹಿಂದೆ ಸರಿದು ಆಶ್ವಯುಜದ ಬಿಸಿಲು ಮೂಡಿತೆಂದರೆ ಪಶ್ಚಿಮಘಟ್ಟದ ಬೆಟ್ಟಗಳು ಆಗತಾನೆ ಮಿಂದೆದ್ದಂತೆ ಕಾಣುತ್ತವೆ. ನಾಲ್ಕು ತಿಂಗಳು ಮೋಡದ ಮುಸುಕಿನಲ್ಲಿದ್ದ ಶಿಖರಗಳು ಒಂದೊಂದಾಗಿ ಹೊರಗೆ ಬರುತ್ತವೆ. ಕೆಂಪಾಗಿ ಹರಿಯುತ್ತಿದ್ದ ತೊರೆಗಳು ತಿಳಿಯಾಗುತ್ತವೆ. ಗದ್ದೆಗಳಲ್ಲಿ ಭತ್ತ ತೆನೆ ಕಟ್ಟಲು ತೊಡಗುತ್ತದೆ. ಅದೇ ಹೊತ್ತಿಗೆ ಶಾಲೆ ಕಾಲೇಜುಗಳಿಗೆ ದಸರಾ ರಜೆಯೂ ಬರುತ್ತದೆ.

ಆಗ ಎಷ್ಟೋ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಮಾತುಕತೆ ನಡೆಯುತ್ತದೆ.

“ಅಪ್ಪಾ, ನಾವು ಆರು ಜನ ಫ್ರೆಂಡ್ಸ್ ಸೇರಿ ಬೆಟ್ಟಕ್ಕೆ ಹೋಗಬೇಕು ಅಂತಿದ್ದೀವಿ.”

“ಯಾವ ಬೆಟ್ಟ? ಯಾರ‍್ಯಾರು?”

“ಸುಲಭದ ಬೆಟ್ಟ ಅಪ್ಪಾ. ಎಲ್ಲರೂ ಹತ್ತುತ್ತಾರೆ.”

“ಏನೂ ಬೇಡ. ಮನೇಲಿ ಕೂತು ಓದ್ಕೋ.”

ಇಲ್ಲಿ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ನಮ್ಮ ನಾಡಿನಲ್ಲಿ ಹದಿನೈದು ಹದಿನಾರು ವಯಸ್ಸಿನ ಆರೋಗ್ಯವಂತ ಮಕ್ಕಳು ಒಂದೇ ದಿನದಲ್ಲಿ ಹತ್ತಿ ಇಳಿಯಬಹುದಾದ ಬೆಟ್ಟಗಳು ಬೇಕಾದಷ್ಟಿವೆ. ಹಗ್ಗ ಬೇಡ, ವಿಶೇಷ ತರಬೇತಿ ಬೇಡ. ಆದರೆ ‘ದೂರದ ಬೆಟ್ಟ ನುಣ್ಣಗೆ’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ತಂದೆ ತಾಯಿಯರ ಅಂಜಿಕೆಗೂ ಕಾರಣಗಳಿವೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡದ ಒಂಬತ್ತು ಮಂದಿ ಕೆಟ್ಟ ಹವೆಗೆ ಬಲಿಯಾದರು. ಇಂಥ ಸುದ್ದಿ ಓದಿದ ಅಮ್ಮನ ಬಾಯಲ್ಲಿ ‘ಬೇಡ’ ಎಂಬ ಮಾತು ಮೊದಲು ಬಂದರೆ ಅದನ್ನು ತಪ್ಪೆನ್ನಲಾಗದು.

ಹಾಗಿದ್ದರೆ ‘ಸುಲಭದ ಬೆಟ್ಟ’ ಎನ್ನುವುದು ಯಾವುದನ್ನು? ಬೆಟ್ಟದ ಎತ್ತರ ನೋಡಿ ಹೇಳುವ ಮಾತು ಇದಲ್ಲ. ಹೋಗುವ ಕಾಲ, ಹೊರಡುವ ಗಂಟೆ, ಜೊತೆಗೆ ಬರುವವರ ನಡವಳಿಕೆ, ಇವೆಲ್ಲ ಕೂಡಿ ಬಂದಾಗಲೇ ಬೆಟ್ಟ ಸುಲಭವಾಗುತ್ತದೆ. ಇದನ್ನು ಅರಿಯಲು ಕೊಡಗಿನ ತಡಿಯಂಡಮೋಳ್ ಒಳ್ಳೆಯ ಉದಾಹರಣೆ.

ಶರದೃತುವೇ ಏಕೆ?

ತಡಿಯಂಡಮೋಳ್ ಕೊಡಗು ಜಿಲ್ಲೆಯ ಅತಿ ಎತ್ತರದ ಶಿಖರ. ಸಮುದ್ರಮಟ್ಟದಿಂದ 1,748 ಮೀಟರ್. ವರ್ಷದ ಹನ್ನೆರಡು ತಿಂಗಳೂ ಈ ಬೆಟ್ಟ ಒಂದೇ ಆಗಿರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ಅರಬ್ಬಿ ಸಮುದ್ರದಿಂದ ಬಂದು ನೇರವಾಗಿ ಈ ಸಾಲಿಗೆ ಡಿಕ್ಕಿ ಹೊಡೆಯುತ್ತದೆ. ಆಗ ದಾರಿಯೇ ತೊರೆ, ಹುಲ್ಲೇ ಜಾರುಬಂಡೆ. 2018 ಮತ್ತು 2020ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದು ಜೀವಹಾನಿಯಾದದ್ದನ್ನು ಆ ಜಿಲ್ಲೆಯವರು ಮರೆತಿಲ್ಲ. ಫೆಬ್ರುವರಿ ಕಳೆದ ಮೇಲೆ ಇದಕ್ಕೆ ತದ್ವಿರುದ್ಧ. ಎದೆಮಟ್ಟದ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ನೋಡಲು ಚೆಂದ, ಆದರೆ ಒಂದು ಕಿಡಿ ಸಾಕು. ಗಾಳಿ ಬೀಸಿದರೆ ಇಳಿಜಾರಿನ ಹುಲ್ಲಿನಲ್ಲಿ ಬೆಂಕಿ ಮನುಷ್ಯ ಓಡುವುದಕ್ಕಿಂತ ವೇಗವಾಗಿ ಮೇಲೇರುತ್ತದೆ. ಕುರಂಗಣಿಯ ದುರಂತ ನಡೆದದ್ದು ಅಂಥ ಬೇಸಿಗೆಯಲ್ಲೇ.

ಇವೆರಡರ ನಡುವೆ ಅಕ್ಟೋಬರ್ ಮತ್ತು ನವೆಂಬರ್ ಬರುತ್ತವೆ. ನೆಲ ಗಟ್ಟಿಯಾಗಿರುತ್ತದೆ, ಹುಲ್ಲು ಹಸಿರಾಗಿರುತ್ತದೆ, ತೊರೆಯಲ್ಲಿ ನೀರಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಆದರೆ ಈ ಕಾಲಕ್ಕೂ ಒಂದು ಗುಣವಿದೆ. ನೈರುತ್ಯ ಮುಂಗಾರು ದಕ್ಷಿಣ ಭಾರತದಿಂದ ಪೂರ್ತಿ ಹಿಂದೆ ಸರಿಯುವುದು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ಹೊತ್ತಿಗೆ. ಅದರ ಬೆನ್ನಿಗೇ ಈಶಾನ್ಯ ಮಾರುತದ ಹಿಂಗಾರು ಶುರುವಾಗುತ್ತದೆ. ಈ ಸಂಧಿಕಾಲದಲ್ಲಿ ಬೆಳಿಗ್ಗೆ ಆಕಾಶ ಗಾಜಿನಂತೆ ತಿಳಿಯಾಗಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಮೋಡ ಕಟ್ಟಿ, ಮೂರು ನಾಲ್ಕು ಗಂಟೆಗೆ ಗುಡುಗು ಸಿಡಿಲಿನ ಮಳೆ ಸುರಿಯುವುದು ಮಾಮೂಲು. ಆದ್ದರಿಂದ ಶರದೃತುವಿನಲ್ಲಿ ಬೆಟ್ಟ ಹತ್ತುವವರಿಗೆ ಬೆಳಗೇ ಬಂಡವಾಳ.

ಅರಮನೆಯ ಅಂಗಳದಿಂದ

ಮಡಿಕೇರಿಯಿಂದ ನಾಪೋಕ್ಲು ಮಾರ್ಗವಾಗಿ, ಇಲ್ಲವೇ ವಿರಾಜಪೇಟೆಯ ಕಡೆಯಿಂದ ಕಕ್ಕಬ್ಬೆ ತಲುಪಬಹುದು. ಇಲ್ಲಿಗೆ ಸಮೀಪದ ಪಾಡಿಯಲ್ಲಿ ಕೊಡವರ ಮಳೆ ಬೆಳೆಯ ದೇವರಾದ ಇಗ್ಗುತ್ತಪ್ಪನ ದೇವಸ್ಥಾನವಿದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಮುಹೂರ್ತ ಗೊತ್ತಾಗುವುದು ಇಲ್ಲೇ. ಅಕ್ಟೋಬರ್ 17 ಅಥವಾ 18ರಂದು ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ನಡೆಯುವುದರಿಂದ ಆ ಒಂದೆರಡು ದಿನ ಜಿಲ್ಲೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಚಾರಣದ ದಿನ ಗೊತ್ತುಮಾಡುವಾಗ ಇದನ್ನೂ ನೆನಪಿಡಬೇಕು.

ನಡಿಗೆ ಶುರುವಾಗುವುದು ನಾಲ್ಕುನಾಡು ಅರಮನೆಯ ಬಳಿಯಿಂದ. ಅರಮನೆ ಎಂದೊಡನೆ ಮೈಸೂರಿನ ವೈಭವ ಕಣ್ಣಿಗೆ ಕಟ್ಟಿಕೊಂಡು ಬಂದವರಿಗೆ ನಿರಾಸೆಯಾಗಬಹುದು. ಮರದ ಕಂಬ, ಹೆಂಚಿನ ಮಾಡು, ಬಣ್ಣದ ಚಿತ್ತಾರವುಳ್ಳ ಗೋಡೆ, ಎರಡು ಅಂತಸ್ತು. ಇಷ್ಟೇ. ಆದರೆ ಇದನ್ನು ಕಟ್ಟಿಸಿದ್ದು ಮೆರೆಯುವುದಕ್ಕಲ್ಲ, ಅಡಗುವುದಕ್ಕೆ. ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದು, 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು, ಕೊಡಗನ್ನು ಮರಳಿ ಪಡೆದವನು. ಶತ್ರುವಿನ ಸೈನ್ಯ ಸುಲಭವಾಗಿ ಬರಲಾಗದ ಈ ಬೆಟ್ಟದ ಬುಡವನ್ನು ಆರಿಸಿ 1792ರಲ್ಲಿ ಅರಮನೆಯ ಕೆಲಸ ಆರಂಭಿಸಿದ. ಅಂಗಳದ ಪುಟ್ಟ ಮಂಟಪ 1796ರಲ್ಲಿ ಮಹದೇವಮ್ಮಾಜಿಯೊಡನೆ ನಡೆದ ಅವನ ಮದುವೆಯದು ಎನ್ನುತ್ತಾರೆ. ಆ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರ ಪಡೆ ಕೊಡಗಿಗೆ ನುಗ್ಗಿದಾಗ ಆಶ್ರಯಕ್ಕೆ ಬಂದದ್ದೂ ಈ ಮನೆಗೇ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ತಂದ ಕಾದಂಬರಿಯ ನಾಯಕ ಈತನೇ. ಪಠ್ಯಪುಸ್ತಕದಲ್ಲಿ ಇಸವಿಗಳಾಗಿ ಮಾತ್ರ ಗೊತ್ತಿದ್ದ ಇತಿಹಾಸ ಇಲ್ಲಿ ಬಾಗಿಲು, ಕಿಟಕಿ, ಕತ್ತಲ ಕೋಣೆಗಳಾಗಿ ಎದುರು ನಿಲ್ಲುತ್ತದೆ.

ಅರಮನೆಯನ್ನು ನೋಡುವ ಆಸೆ ಇದ್ದರೆ ಅದನ್ನು ಇಳಿದು ಬಂದ ಮೇಲೆ ಇಟ್ಟುಕೊಳ್ಳುವುದು ಲೇಸು. ಬೆಳಗಿನ ಒಂದು ಗಂಟೆ ಬೆಟ್ಟಕ್ಕೆ ಸೇರಿದ್ದು.

ತೋಟ, ಹುಲ್ಲು, ಶೋಲಾ

ಇಲ್ಲಿಂದ ತುದಿಗೆ ಸುಮಾರು 7 ಕಿಲೋಮೀಟರ್. ಮೊದಲ ಭಾಗ ಕಾಫಿ, ಏಲಕ್ಕಿ ತೋಟಗಳ ನಡುವಿನ ರಸ್ತೆ. ನೆರಳು ದಟ್ಟ, ಏರು ಒಂದೇ ಸಮ. ಉತ್ಸಾಹದಲ್ಲಿ ಹುಡುಗರು ಓಡುವುದು ಇಲ್ಲೇ, ಆಮೇಲೆ ಏದುಸಿರು ಬಿಡುವುದೂ ಇಲ್ಲೇ. ಅರಣ್ಯ ಇಲಾಖೆಯ ತಪಾಸಣಾ ಗೇಟಿನಲ್ಲಿ ಹೆಸರು ಬರೆಸಿ, ಶುಲ್ಕ ಕೊಟ್ಟು ಮುಂದೆ ಸಾಗಬೇಕು. ಹೆಸರು ಬರೆಸುವುದನ್ನು ಬರೀ ಸರ್ಕಾರಿ ಕಟ್ಟಳೆ ಎಂದುಕೊಳ್ಳಬಾರದು. ಸಂಜೆಯಾದರೂ ಇಳಿದು ಬಾರದವರು ಯಾರು ಎಂದು ತಿಳಿಯುವುದು ಆ ಪುಸ್ತಕದಿಂದಲೇ.

ಮುಂದೆ ಜೀಪು ದಾರಿ ಕಾಡಿನಂಚಿನಲ್ಲಿ ಸುತ್ತುತ್ತಾ ಮೇಲೇರುತ್ತದೆ. ದಾರಿಯ ಬದಿಯ ಒದ್ದೆ ಬಂಡೆಗಳಲ್ಲಿ ಕರ್ಣಕುಂಡಲದ ಜಾತಿಯ ಪುಟ್ಟ ಗುಲಾಬಿ ಬಣ್ಣದ ಹೂಗಳು. ತೊರೆಯ ಸದ್ದಿನ ನಡುವೆ ಯಾರೋ ಹುಡುಗ ಗೊತ್ತುಗುರಿಯಿಲ್ಲದೆ ಸಿಳ್ಳು ಹಾಕುತ್ತಿರುವಂತೆ ಕೇಳಿದರೆ ಅದು ಸಿಳ್ಳಾರ ಹಕ್ಕಿ. ಇಂಗ್ಲಿಷರು ಇದಕ್ಕೆ ‘ಸಿಳ್ಳು ಹಾಕುವ ಶಾಲಾ ಹುಡುಗ’ ಎಂದೇ ಅಡ್ಡಹೆಸರಿಟ್ಟಿದ್ದರು. ಮಕ್ಕಳು ಈ ಹಕ್ಕಿಯ ಜೊತೆ ಪೈಪೋಟಿಗೆ ಇಳಿಯುವುದುಂಟು. ಗೆಲ್ಲುವುದು ಹಕ್ಕಿಯೇ.

ಅರ್ಧ ದಾರಿ ಕಳೆದ ಮೇಲೆ ಮರಗಳು ಹಿಂದೆ ಸರಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ದಣಿದವರು ಕೂರಲೆಂದೇ ಇಟ್ಟಂತಿರುವ ದೊಡ್ಡ ಬಂಡೆಯಿಂದ ಇಡೀ ಕಣಿವೆ ಕಾಣುತ್ತದೆ. ಇಲ್ಲಿ ನಿಂತು ಸ್ವಲ್ಪ ಗಮನಿಸಿದರೆ ಬೆಟ್ಟದ ಮೈಮೇಲೆ ಒಂದು ವಿನ್ಯಾಸವಿರುವುದು ತಿಳಿಯುತ್ತದೆ. ಎದ್ದು ನಿಂತ ದಿಬ್ಬಗಳೆಲ್ಲ ಹುಲ್ಲು. ಎರಡು ದಿಬ್ಬಗಳ ನಡುವಿನ ಮಡಿಕೆಯಲ್ಲಿ ಮಾತ್ರ ಕಡು ಹಸಿರು ಕಾಡು. ಈ ಕಾಡಿಗೆ ಶೋಲಾ ಎಂದು ಹೆಸರು. ಗಾಳಿಯ ಹೊಡೆತಕ್ಕೆ ಕುಳ್ಳಗೆ ಬೆಳೆದ ಮರಗಳು, ಕೊಂಬೆ ತುಂಬ ಹಾವಸೆ, ನೆಲದಲ್ಲಿ ಕೊಳೆತ ಎಲೆಗಳ ದಪ್ಪ ಹಾಸು. ಮಳೆಗಾಲದಲ್ಲಿ ಬಿದ್ದ ನೀರನ್ನು ಹುಲ್ಲಿನ ಬೇರು ಮತ್ತು ಶೋಲಾದ ನೆಲ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಮಳೆ ನಿಂತು ವಾರಗಳಾದರೂ ತೊರೆ ಬತ್ತದಿರಲು ಇದೇ ಕಾರಣ. ಇಲ್ಲಿಂದ ಪೂರ್ವಕ್ಕೆ ಹರಿದ ನೀರು ಕಕ್ಕಬ್ಬೆ ಹೊಳೆಯ ಮೂಲಕ ಕಾವೇರಿ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಪಶ್ಚಿಮದ ಇಳಿಜಾರಿಗೆ ಬಿದ್ದದ್ದು ಕೇರಳದ ಕಡೆ ಇಳಿದು ಅರಬ್ಬಿ ಸಮುದ್ರಕ್ಕೆ. ಭೂಗೋಳದ ಪುಸ್ತಕದಲ್ಲಿ ಬರುವ ‘ಜಲವಿಭಾಜಕ’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ.

2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಈ ಭಾಗದ ಪಡಿನಾಲ್ಕುನಾಡು ಮೀಸಲು ಅರಣ್ಯವೂ ಒಂದು.

ಕೊನೆಯ ಏರು ಮಾತ್ರ ಕಡಿದು. ಶೋಲಾದ ಒಳಗೆ ಬೇರುಗಳೇ ಮೆಟ್ಟಿಲು. ಕೆಲವೆಡೆ ಕೈ ಊರಬೇಕಾಗುತ್ತದೆ. ನೆರಳಿನ ತೇವದಲ್ಲಿ ಇಂಬಳಗಳು ಕಾದಿರುತ್ತವೆ. ಕಚ್ಚಿದ ಇಂಬಳವನ್ನು ಎಳೆದು ಕೀಳಬಾರದು. ಉಪ್ಪು ತಾಗಿಸಿದರೆ ತಾನಾಗಿ ಉದುರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಗಾಯಕ್ಕೆ ಸೇರಿಸುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ತೊಳೆದು ಒತ್ತಿ ಹಿಡಿದರೆ ಸಾಕು, ಗಾಬರಿ ಬೇಡ.

ಶೋಲಾ ದಾಟಿ ಹೊರಬಂದರೆ ಎದುರಿಗೆ ಹುಲ್ಲಿನ ನೆತ್ತಿ, ಅದರಾಚೆ ಬರೀ ಆಕಾಶ. ಸುತ್ತ ಒಂದರ ಹಿಂದೊಂದು ನೀಲಿ ಸಾಲುಗಳು. ಹವೆ ತಿಳಿಯಾಗಿದ್ದರೆ ಪಶ್ಚಿಮದಲ್ಲಿ ದೂರಕ್ಕೆ ಸಮುದ್ರದ ಹೊಳಪು. ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ ಲೆಕ್ಕದಲ್ಲಿ ಕಡಲತೀರದ ಮಂಗಳೂರಿಗಿಂತ ಈ ತುದಿ ಸುಮಾರು ಹನ್ನೊಂದು ಡಿಗ್ರಿ ತಂಪು. ಬೆವರಿದ ಅಂಗಿಯ ಮೇಲೆ ಗಾಳಿ ಬೀಸಿದಾಗ ಚಳಿ ಇನ್ನೂ ಹೆಚ್ಚು. ಚೀಲದಲ್ಲಿ ಒಣಗಿದ ಅಂಗಿ ಒಂದಿರಬೇಕು ಎಂದು ಅಮ್ಮ ಹೇಳಿದ್ದು ಆಗ ನೆನಪಾಗುತ್ತದೆ.

ಅದೇ ಬೆಟ್ಟ, ಮೂರು ಗಂಟೆ ತಡ

ಈಗ ಒಂದು ಸಣ್ಣ ಲೆಕ್ಕ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಬೆಟ್ಟದ ನಡಿಗೆಗೆ ಒಂದು ಸೂತ್ರ ಹೇಳಿದ. ಪ್ರತಿ 3 ಮೈಲಿಗೆ, ಅಂದರೆ ಸುಮಾರು 5 ಕಿಲೋಮೀಟರಿಗೆ, ಒಂದು ಗಂಟೆ. ಅದರ ಮೇಲೆ ಪ್ರತಿ 2,000 ಅಡಿ, ಅಂದರೆ ಸುಮಾರು 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಕ್ಷೆ ಹಿಡಿದು ನಡೆಯುವವರು ಇಂದಿಗೂ ಇದನ್ನು ಬಳಸುತ್ತಾರೆ.

ಏರು 600 ಮೀಟರಿನಷ್ಟು ಎಂದಿಟ್ಟುಕೊಂಡರೆ 7 ಕಿಲೋಮೀಟರಿನ ದಾರಿಗೆ ಸುಮಾರು ಎರಡೂವರೆ ಗಂಟೆ ಬರುತ್ತದೆ. ಆದರೆ ನೈಸ್ಮಿತ್‌ನ ಲೆಕ್ಕ ಪಳಗಿದವರಿಗೆ. ಮೊದಲ ಸಲ ಹೊರಟವರು, ದಾರಿಯಲ್ಲಿ ಕೂರುವವರು, ಫೋಟೋ ತೆಗೆಯುವವರು ಇದಕ್ಕೆ ಅರ್ಧದಷ್ಟನ್ನು ಸೇರಿಸಬೇಕು. ಆಗ ಸುಮಾರು ಮೂರು ಮುಕ್ಕಾಲು ಗಂಟೆ. ತುದಿಯಲ್ಲಿ ಊಟಕ್ಕೆ ಒಂದು ಗಂಟೆ. ಇಳಿಯಲು ಎರಡೂವರೆ.

ಬೆಳಿಗ್ಗೆ ಎಂಟಕ್ಕೆ ಹೊರಟ ತಂಡ ಹನ್ನೆರಡರ ಒಳಗೆ ತುದಿಯಲ್ಲಿರುತ್ತದೆ, ಮೂರೂಕಾಲಿಗೆ ಕೆಳಗಿರುತ್ತದೆ. ಗುಡುಗು ಶುರುವಾಗುವ ಹೊತ್ತಿಗೆ ಬಿಸಿ ಕಾಫಿ ಕುಡಿಯುತ್ತಿರುತ್ತದೆ. ಅದೇ ತಂಡ ಬಸ್ಸು ತಡ, ತಿಂಡಿ ತಡ ಎಂದು ಹನ್ನೊಂದಕ್ಕೆ ಹೊರಟಿತೆನ್ನಿ. ತುದಿ ಮುಟ್ಟುವಾಗ ಎರಡು ಮುಕ್ಕಾಲು. ಮೋಡ ಕಟ್ಟುವುದು ಆಗಲೇ. ಕೆಳಗೆ ತಲುಪುವುದು ಆರೂಕಾಲು. ಅಕ್ಟೋಬರ್ ಮಧ್ಯದಲ್ಲಿ ಕೊಡಗಿನಲ್ಲಿ ಆರು ದಾಟಿ ಹತ್ತು ನಿಮಿಷಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ನಮ್ಮ ಕಡೆಯ ಮುಸ್ಸಂಜೆ ಬಹಳ ಹೊತ್ತು ನಿಲ್ಲುವುದಿಲ್ಲ, ಮರದ ನೆರಳಿನಲ್ಲಂತೂ ಕತ್ತಲೆ ಇನ್ನೂ ಬೇಗ. ಒಬ್ಬರ ಕಾಲು ಉಳುಕಿದರೂ ಸಾಕು, ಉಳಿದ ದಾರಿಯೆಲ್ಲ ಕತ್ತಲಲ್ಲಿ, ಮಳೆಯಲ್ಲಿ.

ಬೆಟ್ಟ ಬದಲಾಗಲಿಲ್ಲ, ಗೆಳೆಯರೂ ಬದಲಾಗಲಿಲ್ಲ. ಮೂರು ಗಂಟೆಯ ತಡವೊಂದೇ ಸುಲಭವಾಗಿದ್ದುದನ್ನು ಅಪಾಯಕ್ಕೆ ತಿರುಗಿಸಿತು.

ಹಿಂದೆ ಬರುವವರ ಹೆಜ್ಜೆ

ಆರು ಜನ ಹೊರಟಾಗ ಆರು ಬಗೆಯ ಕಾಲುಗಳಿರುತ್ತವೆ. ಒಬ್ಬ ಕಬಡ್ಡಿ ಆಟಗಾರ, ಒಬ್ಬಳು ಜಿಂಕೆಯಂತೆ ಹಾರುವವಳು, ಒಬ್ಬ ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಸ್ಕೂಟರಿನಲ್ಲೇ ಓಡಾಡಿದವನು. ಮೊದಲ ಅರ್ಧ ಗಂಟೆಯಲ್ಲೇ ತಂಡ ಹರಿದು ಮೂರು ತುಂಡಾಗುತ್ತದೆ. ಮುಂದಿನವರು ಒಂದು ತಿರುವಿನಲ್ಲಿ ಕೂತು ಕಾಯುತ್ತಾರೆ. ಹಿಂದಿನವನು ಏದುಸಿರು ಬಿಡುತ್ತಾ ಬಂದು ಸೇರಿದ ಕ್ಷಣವೇ ‘ಬಂದ್ಯಾ? ಸರಿ, ನಡೀರಿ’ ಎಂದು ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಡದವರಿಗೆ ಹತ್ತು ನಿಮಿಷ ಸಿಕ್ಕಿತು, ಬೇಕಾದವನಿಗೆ ಒಂದು ನಿಮಿಷವೂ ಸಿಗಲಿಲ್ಲ.

ಈ ವಯಸ್ಸಿನಲ್ಲಿ ‘ನನಗೆ ಆಗ್ತಾ ಇಲ್ಲ’ ಎಂದು ಗೆಳೆಯರ ಮುಂದೆ ಹೇಳುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟ. ಅವನು ಹೇಳುವುದಿಲ್ಲ. ನೀರು ಕುಡಿಯಲೂ ನಿಲ್ಲದೆ ಮುಂದಿನವರನ್ನು ಹಿಡಿಯಲು ಅವಸರಪಡುತ್ತಾನೆ. ಬೆಟ್ಟದಲ್ಲಿ ಕಾಲು ಜಾರುವುದು, ತಲೆ ಸುತ್ತುವುದು, ದಾರಿ ತಪ್ಪುವುದು ಹೆಚ್ಚಾಗಿ ಇಂಥವರಿಗೇ. ಇದರಲ್ಲಿ ಅವರ ಕಾಲಿನ ತಪ್ಪಿಗಿಂತ ತಂಡದ ತಪ್ಪು ಹೆಚ್ಚು.

ಅನುಭವಿ ಚಾರಣಿಗರ ನಿಯಮ ಸರಳ. ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಯೇ ತಂಡದ ಹೆಜ್ಜೆ. ಅವರನ್ನು ಮುಂದಿನ ಸಾಲಿನಲ್ಲಿ ಬಿಡಬೇಕು. ಎಲ್ಲರಿಗಿಂತ ಗಟ್ಟಿಗರಾದವರು ಕೊನೆಯಲ್ಲಿ ಬರಬೇಕು. ಕೊನೆಯವರ ಹಿಂದೆ ಯಾರೂ ಉಳಿಯಕೂಡದು. ದಾರಿ ಕವಲೊಡೆದಲ್ಲಿ ಎಲ್ಲರೂ ಕೂಡುವವರೆಗೆ ಯಾರೂ ಮುಂದೆ ಹೋಗಕೂಡದು. ಮಾತನಾಡುತ್ತಾ ನಡೆಯಲಾಗುವಷ್ಟು ವೇಗ ಇದ್ದರೆ ಅದೇ ಸರಿಯಾದ ವೇಗ. ಮಾತು ತುಂಡಾಗಿ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದು ಅರ್ಥ.

ತರಗತಿಯಲ್ಲಿ ಮುಂದಿನ ರ‍್ಯಾಂಕಿಗಾಗಿ ಓಡುವ ಮಕ್ಕಳಿಗೆ ಇದು ಹೊಸ ಪಾಠ. ಇಲ್ಲಿ ಮೊದಲು ತುದಿ ಮುಟ್ಟಿದವರಿಗೆ ಯಾವ ಪದಕವೂ ಇಲ್ಲ. ಮುಟ್ಟಿದ ಮೇಲೆ ಉಳಿದವರಿಗಾಗಿ ಗಾಳಿಯಲ್ಲಿ ನಡುಗುತ್ತಾ ಕಾಯಬೇಕು, ಅಷ್ಟೇ.

ತಿರುಗಿ ಬರುವ ಗಂಟೆ

ಹೊರಡುವ ಮುನ್ನವೇ ಒಂದು ಗಂಟೆಯನ್ನು ಗೊತ್ತುಮಾಡಿ ಎಲ್ಲರೂ ಒಪ್ಪಿಕೊಂಡಿರಬೇಕು. ಮಧ್ಯಾಹ್ನ ಒಂದು ಎನ್ನೋಣ. ಆ ಹೊತ್ತಿಗೆ ಎಲ್ಲೇ ಇರಲಿ, ತುದಿ ನೂರು ಮಾರು ದೂರದಲ್ಲೇ ಕಾಣುತ್ತಿರಲಿ, ತಿರುಗಿಬಿಡಬೇಕು. ಕೆಳಗೆ ಕೂತು ಒಪ್ಪಿಕೊಂಡ ಮಾತು ಮೇಲೆ ದಣಿದಾಗ ನೆರವಿಗೆ ಬರುತ್ತದೆ. ಮೇಲೆ ಹೋದ ಮೇಲೆ ತೀರ್ಮಾನಿಸೋಣ ಎಂದರೆ ‘ಇಷ್ಟು ದೂರ ಬಂದು ಹಾಗೇ ಹೋಗೋದಾ?’ ಎಂಬ ಮಾತೇ ಗೆಲ್ಲುತ್ತದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆ ಬೆಟ್ಟದ ನೆತ್ತಿಯಲ್ಲಿ ಹೆಚ್ಚು ನಿಜ.

ಗುಡುಗು ಕೇಳಿದರಂತೂ ಗಂಟೆ ನೋಡುವ ಪ್ರಶ್ನೆಯೇ ಇಲ್ಲ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಬೇಕು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಮೋಡಕ್ಕೆ ಆ ದೂರ ಏನೂ ಅಲ್ಲ. ಬಯಲು ನೆತ್ತಿಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಅಲ್ಲಿ ನಿಂತ ಮನುಷ್ಯನೇ ಆಗಿರುತ್ತಾನೆ. ತಡಮಾಡದೆ ನೆತ್ತಿ ಬಿಟ್ಟು ಇಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು.

ಮಂಜು ಕವಿದರೆ ಇದಕ್ಕೆ ವಿರುದ್ಧ. ಹತ್ತು ಮಾರು ಆಚೆ ಕಾಣದಿದ್ದಾಗ ಓಡಾಡದೆ, ಒಟ್ಟಿಗೆ ಕೂತು, ತಿಳಿಯಾಗುವವರೆಗೆ ಕಾಯುವುದು ಜಾಣತನ. ಸಹಾಯ ಬೇಕಾದಾಗ ಕೂಗಿ ಗಂಟಲು ಒಣಗಿಸಿಕೊಳ್ಳುವ ಬದಲು ಸೀಟಿ ಊದಬೇಕು. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದುವುದು ಪರ್ವತಾರೋಹಿಗಳಲ್ಲಿ ರೂಢಿಯಲ್ಲಿರುವ ಸಂಕೇತ. ಫೋನು ಸಿಗುವ ಕಡೆ 112ಕ್ಕೆ ಕರೆ ಮಾಡಬಹುದು. ಆದರೆ ಕಣಿವೆಗಳಲ್ಲಿ ಎಲ್ಲೆಡೆ ಸಿಗ್ನಲ್ ಇರುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಬೇಕು.

ಇಳಿಯುವುದು ಸಲೀಸು ಎಂಬ ಭಾವನೆಯೂ ತಪ್ಪು. ಏರುವಾಗ ದುಡಿಯುವುದು ಎದೆಗೂಡು. ಇಳಿಯುವಾಗ ಮೈಭಾರವನ್ನು ಪ್ರತಿ ಹೆಜ್ಜೆಗೂ ತಡೆಯುವುದು ತೊಡೆ ಮತ್ತು ಮಂಡಿ. ದಣಿದ ಕಾಲು, ಮನೆಯ ಅವಸರ, ಸಡಿಲ ಕಲ್ಲು, ಮೂರೂ ಕೂಡುವುದು ಇಳಿಯುವ ದಾರಿಯಲ್ಲೇ. ಸಣ್ಣ ಹೆಜ್ಜೆ ಇಟ್ಟು, ಮಂಡಿ ಕೊಂಚ ಬಾಗಿಸಿ ಇಳಿಯುವುದು ಕ್ಷೇಮ.

ಮನೆಯವರು ಕೇಳಬೇಕಾದ್ದು

‘ಬೇಡ’ ಎಂದುಬಿಡುವುದು ತಂದೆ ತಾಯಿಗೆ ಸುಲಭ. ಆದರೆ ಹಾಗೆ ಎನಿಸಿಕೊಂಡ ಮಕ್ಕಳಲ್ಲಿ ಕೆಲವರು ‘ಸ್ಪೆಷಲ್ ಕ್ಲಾಸ್’ ಎಂದು ಹೇಳಿ ಹೊರಟುಬಿಡುತ್ತಾರೆ. ಎಲ್ಲಿದ್ದಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಆ ಚಾರಣವೇ ಎಲ್ಲಕ್ಕಿಂತ ಅಪಾಯದ್ದು. ಹೆಣ್ಣುಮಕ್ಕಳಿಗಂತೂ ‘ಬೇಡ’ ಎಂಬ ಉತ್ತರ ಇನ್ನೂ ಬೇಗ ಬರುತ್ತದೆ. 1984ರ ಮೇ 23ರಂದು ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಅವರ ಬೆಟ್ಟದ ನಂಟು ಶುರುವಾದದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಶಾಲೆಯ ಪಿಕ್‌ನಿಕ್ಕಿಗೆ ಹೋಗಿ ಜೊತೆಯವರೊಡನೆ ಬೆಟ್ಟ ಹತ್ತಿದಾಗ.

ಅಪ್ಪಣೆಗೆ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುವುದು ಹೆಚ್ಚು ಪ್ರಯೋಜನಕಾರಿ. ಜೊತೆಯಲ್ಲಿ ಆ ದಾರಿಯನ್ನು ಮೊದಲೇ ನಡೆದಿರುವ ವಯಸ್ಕರು ಯಾರಿದ್ದಾರೆ? ಎಷ್ಟು ಗಂಟೆಗೆ ಹತ್ತಲು ಶುರು, ಎಷ್ಟು ಗಂಟೆಗೆ ತಿರುಗುವುದು? ಅರಣ್ಯ ಇಲಾಖೆಯ ಅನುಮತಿ ಆಯಿತೇ? ಒಬ್ಬರಿಗೆ ಆಗದಿದ್ದರೆ ಅವರ ಜೊತೆ ಯಾರು ಇಳಿಯುತ್ತಾರೆ? ಕೆಳಗೆ ಬಂದು ಫೋನು ಮಾಡುವ ಹೊತ್ತು ಯಾವುದು? ಈ ಐದಕ್ಕೂ ತಡವರಿಸದೆ ಉತ್ತರ ಬಂದರೆ ಮಗ ಅಥವಾ ಮಗಳು ತಯಾರಾಗಿದ್ದಾರೆಂದು ತಿಳಿಯಬಹುದು. ಉತ್ತರ ಇಲ್ಲದಿದ್ದರೆ ‘ಹುಡುಕಿಕೊಂಡು ಬಾ, ಆಮೇಲೆ ಮಾತಾಡೋಣ’ ಎಂದರಾಯಿತು. ಆಸ್ತಮಾ, ಮೂರ್ಛೆ, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ, ಔಷಧಿಯನ್ನು ಚೀಲದಲ್ಲಿಟ್ಟು, ಆ ವಿಷಯ ತಂಡದ ಹಿರಿಯರಿಗೂ ತಿಳಿಸಿರಬೇಕು.

ಮೊದಲ ಸಲಕ್ಕೆ ಶಾಲೆಯ ಸ್ಕೌಟ್ಸ್ ಮತ್ತು ಗೈಡ್ಸ್, ಎನ್‌ಸಿಸಿ, ಎನ್‌ಎಸ್‌ಎಸ್ ತಂಡಗಳ ಜೊತೆ ಹೋಗುವುದು ಒಳ್ಳೆಯ ದಾರಿ. ಮುಂದೆ ಆಸಕ್ತಿ ಬೆಳೆದರೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳಿವೆ.

ಹೊರಡುವ ಮುನ್ನ

ಚೀಲ ಹಗುರವಾಗಿರಲಿ, ಆದರೆ ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು. ಹಳಸದ ಬುತ್ತಿಗೆ ಪುಳಿಯೋಗರೆ ಅಥವಾ ಚಪಾತಿ ಚಟ್ನಿಪುಡಿ ಸಾಕು. ನಡುವೆ ಬಾಯಾಡಿಸಲು ಕಡಲೆಮಿಠಾಯಿ, ಬಾಳೆಹಣ್ಣು. ಹಿಡಿತವಿರುವ ಹಳೆಯ ಬೂಟು ಲೇಸು. ಅಂದೇ ಕೊಂಡ ಹೊಸ ಬೂಟು ಸಂಜೆಯೊಳಗೆ ಬೊಬ್ಬೆ ಎಬ್ಬಿಸುತ್ತದೆ. ರೇನ್‌ಕೋಟು, ಒಣ ಅಂಗಿ, ಟಾರ್ಚು, ಸೀಟಿ, ಒಂದು ಪೊಟ್ಟಣ ಉಪ್ಪು, ಗಾಯಕ್ಕೆ ಬ್ಯಾಂಡೇಜು. ಎರಡು ವಾರ ಮೊದಲಿಂದ ದಿನಕ್ಕೆ ಒಂದು ಗಂಟೆ ನಡೆದು, ಮನೆಯ ಅಥವಾ ಕಾಲೇಜಿನ ಮೆಟ್ಟಿಲು ಹತ್ತಿಳಿದಿದ್ದರೆ ಕಾಲು ಹೇಳಿದಂತೆ ಕೇಳುತ್ತದೆ.

2024ರ ಜನವರಿ ಕೊನೆಯ ವಾರದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ಮುಗಿಬಿದ್ದರು. ಆ ನೂಕುನುಗ್ಗಲಿನ ಬಳಿಕ, ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ನಂತರ ಅರಣ್ಯ ಇಲಾಖೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆ ಮಾಡಿದೆ. ಯಾವ ಬೆಟ್ಟಕ್ಕೇ ಆಗಲಿ, ಆ ವಾರದ ನಿಯಮವನ್ನು ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಬೇಕು. ತಡಿಯಂಡಮೋಳ್‌ನಲ್ಲಿ ರಾತ್ರಿ ಉಳಿಯುವಂತಿಲ್ಲ. ಬೆಂಕಿ ಹಾಕುವ ಯೋಚನೆ ಎಲ್ಲೂ ಬೇಡ. ಆನೆ ಓಡಾಡುವ ಕಾಡಾದ್ದರಿಂದ ದಾರಿ ಬಿಟ್ಟು ಒಳಗೆ ಹೋಗುವುದೂ ಸಲ್ಲದು. ತೆಗೆದುಕೊಂಡು ಹೋದ ಪ್ಲಾಸ್ಟಿಕ್ ಕಾಗದ ಪ್ರತಿಯೊಂದೂ ಅದೇ ಚೀಲದಲ್ಲಿ ಕೆಳಗೆ ಬರಬೇಕು. ಮೇಲೆ ಬಿಟ್ಟದ್ದು ಮುಂದಿನ ಮಳೆಗೆ ತೊರೆ ಸೇರುತ್ತದೆ, ತೊರೆಯಿಂದ ಕಾವೇರಿ ಸೇರುತ್ತದೆ, ಅಲ್ಲಿಂದ ಮೈಸೂರು, ಬೆಂಗಳೂರುಗಳ ಕುಡಿಯುವ ನೀರಿನ ದಾರಿ ಹಿಡಿಯುತ್ತದೆ.

ಇಳಿದು ಬಂದ ಮೇಲೆ ಅರಣ್ಯದ ಗೇಟಿನಲ್ಲಿ ನಿಂತು ತಲೆ ಎಣಿಸುವುದು ಚಾರಣದ ಕೊನೆಯ ಕೆಲಸ. ಹೊರಟವರು ಆರು, ಬಂದವರು ಆರು. ಆ ದಿನ ತುದಿ ಮುಟ್ಟಿರಲಿ ಬಿಡಲಿ, ಲೆಕ್ಕ ಸರಿಯಾಯಿತೆಂದರೆ ಬೆಟ್ಟ ಹತ್ತಿದಂತೆಯೇ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ದಸರಾಕ್ಕೂ ಅಲ್ಲೇ ಇರುತ್ತದೆ.